ಟೆಲ್ಲರ್ ಹೇಳುವವರೋ, ಎಣಿಸುವವರೋ?

ಪ್ರಶ್ನೆ: ನಮ್ಮ ಬ್ಯಾಂಕಿನ ಕ್ಯಾಶ್ ಕೌಂಟರ್ ಮೇಲೆ ‘ಟೆಲ್ಲರ್’ ಎಂದು ಬರೆದಿದೆ. ಮೊಮ್ಮಗಳ ಶಾಲೆಗೆ ಬಂದು ಕಥೆ ಹೇಳಿದವರನ್ನು ‘ಸ್ಟೋರಿಟೆಲ್ಲರ್’ ಅಂದರು. ಟೆಲ್ ಅಂದರೆ ಹೇಳು ಅಲ್ವಾ? ದುಡ್ಡು ಕೊಡುವವರು ನಮಗೆ ಏನು ಹೇಳುತ್ತಾರೆ? ಹಾಗೇ, ಕಥೆಗೆ ‘ಟೇಲ್’ ಅನ್ನುತ್ತಾರಲ್ಲ, ಅದಕ್ಕೂ ಬಾಲಕ್ಕೂ ಏನಾದರೂ ಸಂಬಂಧ ಇದೆಯಾ?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಪತ್ರ ಓದಿ ತುಂಬಾ ಖುಷಿಯಾಯಿತು. ಇಪ್ಪತ್ತೆಂಟು ವರ್ಷ ಅದೇ ಬೋರ್ಡಿನ ಹಿಂದೆ ಕೂತವಳು ನಾನು.

ಬಾಲದ ವಿಷಯ ಮೊದಲು ಮುಗಿಸೋಣ. ಸಂಬಂಧ ಇಲ್ಲ. ಕೇಳಲು ಎರಡೂ ಒಂದೇ, ಆದರೆ ಸ್ಪೆಲಿಂಗ್ ಬೇರೆ, ಹುಟ್ಟೂ ಬೇರೆ.

ಕಥೆಯ ‘ಟೇಲ್’ ಮತ್ತು ‘ಟೆಲ್’ ಮಾತ್ರ ಒಂದೇ ಮನೆಯವು. ಹಳೆಯ ಇಂಗ್ಲಿಷಿನಲ್ಲಿ ‘ಟೆಲ್ಲನ್’ ಎಂಬ ಮಾತಿತ್ತು. ಸಾವಿರ ವರ್ಷದ ಹಿಂದೆಯೇ ಅದಕ್ಕೆ ಎಣಿಸು, ಹೇಳು ಎಂಬ ಎರಡೂ ಅರ್ಥ ಇದ್ದವು. ಕುರಿಗಳನ್ನು ಒಂದಾದ ಮೇಲೊಂದರಂತೆ ಎಣಿಸಿದ ಹಾಗೆ, ನಡೆದದ್ದನ್ನು ಒಂದಾದ ಮೇಲೊಂದರಂತೆ ಹೇಳುವುದು. ಎಣಿಸುವಾಗ ನಡುವೆ ಒಂದು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹೇಳುವಾಗ ಬಿಟ್ಟರೂ ಅಷ್ಟೇ.

1611ರ ಇಂಗ್ಲಿಷ್ ಬೈಬಲ್‌ನಲ್ಲಿ ಈ ಹಳೆಯ ಅರ್ಥ ಹಾಗೇ ಉಳಿದಿದೆ. ಈಜಿಪ್ಟಿನ ರಾಜ ಫರೋಹ ತನಗೆ ಇಟ್ಟಿಗೆ ಮಾಡಿಕೊಡುವ ಇಸ್ರೇಲರಿಗೆ, ಮಣ್ಣಿಗೆ ಬೆರೆಸುವ ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ, ಆದರೆ ಇಟ್ಟಿಗೆಗಳ ‘ಟೇಲ್’ ಮಾತ್ರ ಕಡಿಮೆಯಾಗಬಾರದು ಅನ್ನುತ್ತಾನೆ. ಅಲ್ಲಿ ಟೇಲ್ ಅಂದರೆ ಇಟ್ಟಿಗೆಯ ಕಥೆ ಅಲ್ಲ, ಇಟ್ಟಿಗೆಯ ಸಂಖ್ಯೆ. 147ನೇ ಕೀರ್ತನೆಯಲ್ಲಿ ದೇವರು ನಕ್ಷತ್ರಗಳನ್ನು ‘ಟೆಲ್’ ಮಾಡುತ್ತಾನೆ, ಅಂದರೆ ಎಣಿಸುತ್ತಾನೆ. ಅಷ್ಟೇ ಅಲ್ಲ, ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ. ಈ ಸಾಲು ನನಗೆ ಬಹಳ ಇಷ್ಟ.

ಆಮೇಲೆ ಹೇಳುವ ಅರ್ಥ ಗೆದ್ದಿತು. ಎಣಿಸುವ ಅರ್ಥ ಅಲ್ಲಲ್ಲಿ ಮೂಲೆ ಹಿಡಿಯಿತು. ನಿಮ್ಮ ಬ್ಯಾಂಕಿನ ಕೌಂಟರ್ ಅಂಥ ಒಂದು ಮೂಲೆ. ಬ್ರಿಟನ್ನಿನ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್ ಇನ್ನೊಂದು. ಅಲ್ಲಿ ಮತ ಎಣಿಸುವ ಸದಸ್ಯರಿಗೂ ಟೆಲ್ಲರ್ ಎಂದೇ ಹೆಸರು. ಒಂದೊಂದು ಪಕ್ಕಕ್ಕೆ ಇಬ್ಬರು. ಎಣಿಸಿದ ಮೇಲೆ ಅವರಲ್ಲೊಬ್ಬರು ಸಂಖ್ಯೆಯನ್ನು ಸಭೆಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಎರಡೂ ಅರ್ಥಕ್ಕೆ ಒಬ್ಬರೇ ಸಾಕು!

ಇದು ಇಂಗ್ಲಿಷಿನದೊಂದೇ ಅಲ್ಲ. ಜರ್ಮನ್‌ನಲ್ಲಿ ಎಣಿಸುವುದು ‘ತ್ಸೇಲನ್’, ಕಥೆ ಹೇಳುವುದು ‘ಎರ್‌ತ್ಸೇಲನ್’. ಫ್ರೆಂಚಿನಲ್ಲಿ ಎರಡಕ್ಕೂ ‘ಕೋಂತೆ’ ಅನ್ನುತ್ತಾರೆ, ಬರೆಯುವುದು ಮಾತ್ರ ಬೇರೆ ಬೇರೆ. ಎರಡೂ ಲ್ಯಾಟಿನ್ನಿನ ‘ಕಂಪ್ಯೂಟಾರೆ’ಯಿಂದ ಬಂದವು. ಕಂಪ್ಯೂಟರ್, ಅಕೌಂಟ್, ಸೊಗಸಾಗಿ ಕಥೆ ಹೇಳುವವರಿಗೆ ಇಂಗ್ಲಿಷಿನಲ್ಲಿ ಅನ್ನುವ ‘ರಾಕಾಂಟರ್’, ಎಲ್ಲಕ್ಕೂ ಬೇರು ಅದೇ.

ನಮ್ಮಲ್ಲೂ ಇದರ ನೆರಳು ಇದೆ ನೋಡಿ. ಮಗು ಮಗ್ಗಿ ಒಪ್ಪಿಸುತ್ತದೆ, ಗುಮಾಸ್ತ ಲೆಕ್ಕ ಒಪ್ಪಿಸುತ್ತಾನೆ. ಕರಾವಳಿಯವರು ‘ನಾನು ಹಾಗೆ ಎಣಿಸಿರಲಿಲ್ಲ’ ಅಂದಾಗ ಅಲ್ಲಿ ಲೆಕ್ಕದ ಮಾತೇ ಇಲ್ಲ, ಹಾಗೆ ಅಂದುಕೊಂಡಿರಲಿಲ್ಲ ಎಂದಷ್ಟೇ.

ದುಡ್ಡು ಕೊಡುವವರು ಏನು ಹೇಳುತ್ತಾರೆ ಅಂತ ಕೇಳಿದ್ದೀರಿ. ನಾನು ಹೆಚ್ಚೇನೂ ಹೇಳುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದೆ. ಪ್ರತಿ ತಿಂಗಳು ಪೆನ್ಷನ್‌ಗೆ ಒಬ್ಬರು ಅಜ್ಜಿ ಬರುತ್ತಿದ್ದರು. ನಾನು ಒದ್ದೆ ಸ್ಪಂಜಿಗೆ ಬೆರಳು ತಾಗಿಸಿ, ನೋಟು ಎರಡು ಸಲ ಎಣಿಸಿ ಕೊಡುತ್ತಿದ್ದೆ. ಅವರು ಕೌಂಟರ್ ಬಿಟ್ಟು ಕದಲುತ್ತಿರಲಿಲ್ಲ. ಅಲ್ಲೇ ಒಂದೊಂದಾಗಿ ಬಿಡಿಸಿಡುತ್ತಿದ್ದರು. ಕಣದಲ್ಲಿ ಭತ್ತ ಅಳೆಯುವವರ ಹಾಗೆ ‘ಒಂದು’ ಅನ್ನದೆ ‘ಲಾಭ’ ಅಂತಲೇ ಶುರು. “ಲಾಭ, ಇದು ದೇವರಿಗೆ. ಎರಡು, ಅಂಗಡಿ ಬಾಕಿಗೆ, ಹೋದ ತಿಂಗಳು ಮಗ ಬಂದಿದ್ನಲ್ಲ, ಖರ್ಚು ಜಾಸ್ತಿ ಆಯ್ತು. ಮೂರು, ಇದು ಮೊಮ್ಮಗಳ ಬಸ್ ಪಾಸಿಗೆ, ಅವಳು ಈಗ ಪೇಟೆ ಶಾಲೆ.” ಸಾಲಿನಲ್ಲಿ ಹಿಂದೆ ನಿಂತವರೂ ಸುಮ್ನೆ ಕೇಳುತ್ತಿದ್ದರು. ಕೊನೆಯ ನೋಟನ್ನು ಸೆರಗಿನ ತುದಿಗೆ ಗಂಟು ಹಾಕುವಷ್ಟರಲ್ಲಿ ಅವರ ಮನೆಯ ಆ ತಿಂಗಳ ಸುದ್ದಿ ನಮಗೆಲ್ಲ ಗೊತ್ತಾಗಿರುತ್ತಿತ್ತು.