ವೆರಾನ್ ಯಾರ ಪಕ್ಕದಲ್ಲಿ ಆಡಿದರು?

ಪ್ರಶ್ನೆ: ಅರ್ಜೆಂಟೀನಾದ ಫುಟ್‌ಬಾಲ್ ಮಿಡ್‌ಫೀಲ್ಡರ್ ಹುವಾನ್ ಸೆಬಾಸ್ಟಿಯನ್ ವೆರಾನ್ 2001ರಲ್ಲಿ ಲಾಜಿಯೊ ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ, ಎರಡೇ ವರ್ಷಕ್ಕೆ ಹೊರಬಿದ್ದರು. ಅಷ್ಟು ದುಡ್ಡು ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದು ಸ್ನೇಹಿತರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಸರ್, ನೀವೇ ತೀರ್ಪು ಕೊಡಿ.
– ಓದುಗ, ಬೇಲೂರು

ಉತ್ತರ: ದುಡ್ಡಿನ ಲೆಕ್ಕದಲ್ಲಿ ನಿಮ್ಮ ಸ್ನೇಹಿತರದೇ ಗೆಲುವು. ಸುಮಾರು 2.8 ಕೋಟಿ ಪೌಂಡ್ ಕೊಟ್ಟು ತಂದವರನ್ನು ಹೆಚ್ಚುಕಡಿಮೆ ಅರ್ಧ ಬೆಲೆಗೆ ಚೆಲ್ಸಿಗೆ ಮಾರಿದರು. ಆಟದ ಲೆಕ್ಕ ಬೇರೆ.

ಲಾಜಿಯೊ 2000ರಲ್ಲಿ ಇಟಲಿಯ ಲೀಗ್ ಗೆದ್ದಾಗ ಆಟದ ಓಘ ವೆರಾನ್ ಕಾಲಲ್ಲಿತ್ತು. ಮ್ಯಾಂಚೆಸ್ಟರ್‌ನಲ್ಲಿ ಆ ಕೆಲಸಕ್ಕೆ ರಾಯ್ ಕೀನ್, ಪಾಲ್ ಸ್ಕೋಲ್ಸ್ ಆಗಲೇ ಇದ್ದರು. ಹೊಸಬರಿಗೆ ಜಾಗ ಮಾಡಲು ಸ್ಕೋಲ್ಸ್ ಅವರನ್ನು ಮುಂದಕ್ಕೆ, ಫಾರ್ವರ್ಡ್ ವ್ಯಾನ್ ನಿಸ್ಟೆಲ್‌ರೂಯ್ ಬೆನ್ನಿಗೆ ಸರಿಸಿದರು. ಮೊದಲ ಋತುವಿನಲ್ಲಿ ವೆರಾನ್, ಸ್ಕೋಲ್ಸ್ ಇಬ್ಬರೂ ತಡವರಿಸಿದರು. ಇಂಗ್ಲೆಂಡಿನ ಲೀಗ್‌ನಲ್ಲಿ ಚೆಂಡು ಹಿಡಿದು ತಲೆ ಎತ್ತುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಯುರೋಪಿನ ಪಂದ್ಯಗಳಲ್ಲಿ ಆ ಒಂದು ಕ್ಷಣದ ಬಿಡುವು ಸಿಗುತ್ತಿತ್ತು. 2002ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಒಲಿಂಪಿಯಾಕೋಸ್, ಲೆವರ್‌ಕುಸೆನ್ ವಿರುದ್ಧ ವೆರಾನ್ ಗೋಲು ಹೊಡೆದದ್ದನ್ನು ನಾನು ಅದೃಷ್ಟವೆನ್ನಲಾರೆ.

ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲಿ ಹುಡುಗರಿಗೆ ಕಲಿಸುವಾಗಲೂ ಇದನ್ನೇ ಕಾಣುತ್ತೇನೆ: ಪಾಸ್ ಕೊಡುವವನ ಆಟ ಅವನ ಜೊತೆಗಾರರ ಮೇಲೂ ನಿಂತಿರುತ್ತದೆ. ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯಿಂದ ಬಂದ ಹುಡುಗನೊಬ್ಬ ಪಾದದ ಹೊರಬದಿಯಿಂದ ಚೆಂಡನ್ನು ಬಾಗಿಸಿ, ಡಿಫೆಂಡರ್‌ಗಳ ಹಿಂದಿನ ಖಾಲಿ ಜಾಗಕ್ಕೆ ಪಾಸ್ ಕೊಡುತ್ತಿದ್ದ. ನಮ್ಮ ವಿಂಗರ್ ಅಲ್ಲಿಗೆ ಓಡುತ್ತಿರಲಿಲ್ಲ. ಕಾಲಿಗೇ ಕೊಡು ಎಂದು ಕೈ ಚಾಚಿ ನಿಂತಿರುತ್ತಿದ್ದ. ಚೆಂಡು ಕೆಸರಿನಲ್ಲಿ ಜಾರಿ ಗೆರೆ ದಾಟುತ್ತಿತ್ತು. ಬೈಗುಳವೆಲ್ಲ ಪಾಸ್ ಕೊಟ್ಟವನಿಗೆ! ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹಾಗಾಗಿ ಹಳೆಯ ಪಂದ್ಯಗಳ ವಿಡಿಯೊ ನೋಡುವಾಗ ಚೆಂಡನ್ನು ಬಿಟ್ಟು, ವೆರಾನ್ ತಲೆ ಎತ್ತಿದಾಗ ಮುಂದೆ ಯಾರು ಓಡುತ್ತಿದ್ದಾರೆ ಎಂಬುದರ ಮೇಲೆ ಕಣ್ಣಿಡಿ. ವೆರಾನ್ ಪಾಲಿನ ತಪ್ಪೂ ಇದೆ: ಕೈತಪ್ಪಿದ ಚೆಂಡಿನ ಬೆನ್ನು ಹತ್ತುವುದರಲ್ಲಿ ಅವರು ಕೀನ್ ಅವರ ಹತ್ತಿರಕ್ಕೂ ಬರಲಿಲ್ಲ. ಆದರೂ 2002–03ರ ಲೀಗ್ ಗೆದ್ದ ತಂಡದಲ್ಲಿ ಅವರೂ ಇದ್ದರು. ಮುಂದೆ ತವರಿನ ಎಸ್ಟುಡಿಯಾಂಟಿಸ್ ಕ್ಲಬ್‌ಗೆ ಮರಳಿದ ಮೇಲೆ ಚೆಂಡು ಮತ್ತೆ ಮೊದಲು ಅವರ ಬಳಿಗೇ ಬರತೊಡಗಿತು. 2009ರಲ್ಲಿ ಬ್ರೆಜಿಲ್‌ನ ಕ್ರುಜೇರೊ ತಂಡವನ್ನು ಅದರ ನೆಲದಲ್ಲೇ ಮಣಿಸಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಕಪ್ ಕೋಪಾ ಲಿಬರ್ಟಡೋರೆಸ್ ಎತ್ತಿದಾಗ ನಾಯಕ ವೆರಾನ್‌ಗೆ 34 ವರ್ಷ. ಇದನ್ನು ನಿಮ್ಮ ಸ್ನೇಹಿತರಿಗೆ ತಪ್ಪದೆ ಹೇಳಿ.