ರಾಗಿ ಜೊತೆ ಹುಚ್ಚೆಳ್ಳನ್ನೂ ಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಒಂದು ಕೊಳ್ಳುವವರದು, ಒಂದು ಬೆಳೆಯುವವರದು. ಎರಡನ್ನೂ ಓದಿದ ಮೇಲೆ ಇವರಿಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಿದ್ದಾರೆ ಅನಿಸಿತು. ಅದಕ್ಕೇ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕೆಲವು ಮನೆಯವರು ಸೇರಿ ಶಿರಾ ಕಡೆಯ ರೈತರಿಂದ ನೇರವಾಗಿ ರಾಗಿ, ಬೇಳೆ ತರಿಸಬೇಕು ಅಂದುಕೊಂಡಿದ್ದೇವೆ. ಔಷಧಿ ಹೊಡೆಯಲ್ಲ ಅಂತಾರೆ. ಆದರೆ ಸರ್ಟಿಫಿಕೇಟ್ ಇಲ್ಲ. ನಂಬುವುದು ಹೇಗೆ?
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಸರ್ಟಿಫಿಕೇಟ್ ಇಲ್ಲದ ಮಾತ್ರಕ್ಕೆ ಸುಳ್ಳು ಅಂದುಕೊಳ್ಳಬೇಡಿ ಅಮ್ಮ. ಹೊರಗಿನ ಏಜೆನ್ಸಿಯಿಂದ ಪ್ರಮಾಣಪತ್ರ ಪಡೆಯಬೇಕಾದರೆ ಫೀಸು ಕಟ್ಟಬೇಕು, ತಪಾಸಣೆ ಆಗಬೇಕು, ಪುಸ್ತಕ ಬರೆದಿಡಬೇಕು. ಎರಡು ಮೂರು ಎಕರೆಯವರಿಗೆ ಅದು ಹೊರೆ. ಕಾನೂನಿಗೂ ಇದು ಗೊತ್ತಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ನಿಯಮಗಳ ಅಡಿ, ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗೆ ವಹಿವಾಟು ಇರುವ ಸಣ್ಣ ಬೆಳೆಗಾರರು ತಾವೇ ಬೆಳೆದದ್ದನ್ನು ತಿನ್ನುವವರಿಗೆ ನೇರವಾಗಿ ಮಾರಿದರೆ ಪ್ರಮಾಣಪತ್ರ ಬೇಕಿಲ್ಲ. ಸಾವಯವ ಆಹಾರಕ್ಕೆ ಕೊಡುವ ‘ಜೈವಿಕ್ ಭಾರತ್’ ಗುರುತು ಮಾತ್ರ ಹಾಕುವಂತಿಲ್ಲ.

ಪಿಜಿಎಸ್ (ಪಾರ್ಟಿಸಿಪೇಟರಿ ಗ್ಯಾರಂಟಿ ಸಿಸ್ಟಮ್) ಅಂತ ಇನ್ನೊಂದು ದಾರಿ ಇದೆ. ಅಕ್ಕಪಕ್ಕದ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಪದ್ಧತಿ ಇದು. ರಾಸಾಯನಿಕ ಬಿಟ್ಟು ಪೂರ್ತಿ ಸಾವಯವಕ್ಕೆ ಬದಲಾಗುವ ತನಕ ‘ಪಿಜಿಎಸ್ ಗ್ರೀನ್’, ಆಮೇಲೆ ‘ಪಿಜಿಎಸ್ ಆರ್ಗ್ಯಾನಿಕ್’. ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಯಾರ ಮನೆಗೆ ಯಾವಾಗ ಯೂರಿಯಾ ಮೂಟೆ ಇಳಿಯಿತು ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ, ಅಲ್ವಾ?

ಏನೇ ಇದ್ದರೂ ಒಂದು ಸಲ ಹೊಲಕ್ಕೆ ಹೋಗಿ. ಬಿತ್ತನೆ ಕಾಲದಲ್ಲಿ ಬೇಡ, ಅವರೆ ಕಾಯಿ ಕಟ್ಟುವ ಹೊತ್ತಿಗೆ ಹೋಗಿ. ಕಾಯಿಕೊರಕ ಬೀಳುವ ಕಾಲ ಅದು. ನಮ್ಮ ಕಡೆ ರಾಗಿಗೆ ಔಷಧಿ ಹೊಡೆಯುವವರು ಕಡಿಮೆ. ಅವರೆ, ತೊಗರಿಗೆ ಹೊಡೆಯದೆ ಇರುವುದೇ ಕಷ್ಟ. ‘ಹುಳ ಬಿದ್ದರೆ ಏನು ಮಾಡ್ತೀರಿ?’ ಅಂತ ಕೇಳಿ. ‘ನಮ್ಮ ಹೊಲಕ್ಕೆ ಹುಳವೇ ಬರಲ್ಲ’ ಅಂದರೆ ನನಗೆ ಅನುಮಾನ. ‘ಬೇವಿನ ಬೀಜದ ಕಷಾಯ ಹೊಡೀತೀವಿ, ಗಿಡ ಅಲ್ಲಾಡಿಸಿ ಹುಳ ಉದುರಿಸ್ತೀವಿ, ಆದರೂ ಒಂದಿಷ್ಟು ಹೋಗುತ್ತೆ’ ಅಂದರೆ ಅದು ಮಾಡಿ ನೋಡಿದವರ ಮಾತು. ಹಾಗೇ ತಿಪ್ಪೆ ನೋಡಿ, ಕೊಟ್ಟಿಗೆ ನೋಡಿ. ದನವೂ ಇಲ್ಲ, ಕುರಿಮಂದೆಯನ್ನೂ ನಿಲ್ಲಿಸಲ್ಲ ಅಂದರೆ ಗೊಬ್ಬರ ಎಲ್ಲಿಂದ ಬಂತು ಅಂತ ಕೇಳಲೇಬೇಕು.

ಪ್ರಶ್ನೆ: ನನಗೆ ಮೂರು ಎಕರೆ ಖುಷ್ಕಿ. ಅಪ್ಪನ ಕಾಲದಿಂದಲೂ ರಾಗಿಯಲ್ಲಿ ಅಕ್ಕಡಿ ಸಾಲು (ರಾಗಿ ಸಾಲುಗಳ ನಡುವೆ ಬೇಳೆಕಾಳು, ಹುಚ್ಚೆಳ್ಳಿನ ಮಿಶ್ರ ಸಾಲು) ಹಾಕುತ್ತಿದ್ದೇವೆ. ಈಗ ಕೊಯ್ಲು ಮಿಷನ್‌ನವರು ‘ಬರೀ ರಾಗಿ ಇದ್ದರೆ ಮಾತ್ರ ಬರ್ತೀವಿ’ ಅಂತಾರೆ. ಹುಚ್ಚೆಳ್ಳು, ಅಲಸಂದೆ ಹತ್ತಿಪ್ಪತ್ತು ಕೆಜಿ ಆದರೆ ವ್ಯಾಪಾರಿ ತಿರುಗಿಯೂ ನೋಡಲ್ಲ. ಅಕ್ಕಡಿ ಬಿಟ್ಟುಬಿಡಲಾ?
– ಒಬ್ಬ ರೈತ, ಮಧುಗಿರಿ ತಾಲ್ಲೂಕು

ಬಿಡಬೇಡಿ ತಮ್ಮಾ. ನಿಮ್ಮ ಕಷ್ಟ ನಿಜ, ನಮ್ಮ ಗುಬ್ಬಿ ಕಡೆಯೂ ಹೀಗೇ ಆಗಿದೆ. ಕೂರಿಗೆ ಹಿಂದೆ ಬಿದಿರಿನ ಕೊಳವೆ ಕಟ್ಟಿಕೊಂಡು, ಹೆಂಗಸರು ಮಡಿಲಿಂದ ತೊಗರಿ, ಅವರೆ, ಜೋಳ, ಹುಚ್ಚೆಳ್ಳು ಬೀಜ ಬಿಡುತ್ತಾ ನಡೆಯುತ್ತಿದ್ದರು. ಆ ಕೈಗಳೂ ಈಗ ಸಿಗುತ್ತಿಲ್ಲ.

ಆದರೆ ಅಕ್ಕಡಿ ಹೋದರೆ ಏನೇನು ಹೋಗುತ್ತದೆ ನೋಡಿ. ರಾಗಿ ಬೇರು ಮೇಲೆ, ತೊಗರಿ ಬೇರು ಆಳಕ್ಕೆ. ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟು ರಾಗಿ ಒಣಗಿದರೂ, ಹಿಂಗಾರಿನ ಒಂದೆರಡು ಮಳೆ ಬಿದ್ದರೆ ತೊಗರಿ, ಅವರೆ ಎದ್ದು ನಿಲ್ಲುತ್ತವೆ. ಅವು ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದು ಮುಂದಿನ ಬೆಳೆಗೂ ಬಿಟ್ಟುಹೋಗುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಜೋಳದ ಕಡ್ಡಿ ದನಕ್ಕೆ. ಮನೆ ಸಾರಿನ ಬೇಳೆಯಂತೂ ದುಡ್ಡು ಕೊಡದೆ ಬಂದದ್ದು. ಎಕರೆಗೆ ರಾಗಿ ಎಷ್ಟು ಕ್ವಿಂಟಲ್ ಬಂತು ಅಂತ ಮಾತ್ರ ಲೆಕ್ಕ ಹಾಕಿದರೆ ಇವು ಯಾವುವೂ ಆ ಲೆಕ್ಕಕ್ಕೆ ಬರಲ್ಲ.

ಮಿಷನ್ ವಿಷಯಕ್ಕೆ ನನ್ನ ಸಲಹೆ ಇಷ್ಟೇ. ಎಂಟು ಹತ್ತು ಸಾಲಿಗೊಂದು ಅಕ್ಕಡಿ ಅನ್ನುವುದನ್ನು ಬಿಟ್ಟು, ಮಿಷನ್ ಅಗಲಕ್ಕೆ ಸರಿಯಾಗಿ ರಾಗಿ ಪಟ್ಟಿ ಬಿಡಿ. ನಡುವೆ ತೊಗರಿ, ಅವರೆ ಸೇರಿಸಿ ಒಂದು ಪಟ್ಟಿ, ಬದುವಿನ ಪಕ್ಕ ಹುಚ್ಚೆಳ್ಳು, ಹರಳು. ಗಿಡಗಳು ಮೊದಲಿನಷ್ಟು ಬೆರೆಯಲ್ಲ, ನಿಜ. ಪೂರ್ತಿ ಬಿಡುವುದಕ್ಕಿಂತ ಎಷ್ಟೋ ವಾಸಿ. ಒಂದು ತುಂಡು ಮಾತ್ರ ಕೈಯಲ್ಲೇ ಕೊಯ್ಯಿರಿ. ಮಿಷನ್ ಉಗುಳಿದ ಹುಲ್ಲನ್ನು ನಮ್ಮ ದನಗಳು ಮೂಸಿ ನೋಡಿ ಬಿಡುತ್ತವೆ. ಮೆದೆ ಹಾಕಿದ ಹುಲ್ಲಾದರೆ ಕಡ್ಡಿ ಉಳಿಸಲ್ಲ.

ಇನ್ನು ಮಾರಾಟ. ಬೆಲೆ ಇಲ್ಲ ಅಂತಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲ್ ರಾಗಿಗೆ 4,886 ರೂಪಾಯಿ, ಹುಚ್ಚೆಳ್ಳಿಗೆ 9,537 ರೂಪಾಯಿ. ಹೆಚ್ಚುಕಮ್ಮಿ ಎರಡರಷ್ಟು. ಆದರೆ ಹದಿನೈದು ಕೆಜಿ ಹುಚ್ಚೆಳ್ಳು ಹೊತ್ತುಕೊಂಡು ಯಾವ ಖರೀದಿ ಕೇಂದ್ರಕ್ಕೆ ಹೋಗುತ್ತೀರಿ? ಹದಿನೈದು ಕೆಜಿ ಅನ್ನುವುದು ಮಂಡಿಗೆ ಏನೂ ಅಲ್ಲ, ಹದಿನೈದು ಮನೆಗೆ ಸರಿಯಾದ ಅಳತೆ.

ವಿಜಯನಗರದ ತಾಯಿ, ಈ ಮಾತು ನಿಮಗೂ ಸೇರಿದ್ದು. ದಯವಿಟ್ಟು ಬರೀ ರಾಗಿ, ಬೇಳೆ ಅಂತ ಪಟ್ಟಿ ಕಳಿಸಬೇಡಿ. ಹೊಲದಲ್ಲಿ ಒಂದು ಪಾಲು ತಗೊಳ್ಳಿ. ಮನೆಗೊಂದು ಮೂಟೆ ರಾಗಿ, ಜೊತೆಗೆ ಆ ಹೊಲದ ತೊಗರಿ, ಅಲಸಂದೆ, ಒಂದು ಕೆಜಿ ಹುಚ್ಚೆಳ್ಳು, ಸಂಕ್ರಾಂತಿ ಹೊತ್ತಿಗೆ ಸೊಗಡು ಅವರೆ. ಬೆಲೆಯನ್ನು ಕೊಯ್ಲಾದ ಮೇಲಲ್ಲ, ಬಿತ್ತುವ ಮೊದಲೇ ಕೂತು ಮಾತಾಡಿ. ಒಂದು ಭಾಗ ಮುಂಗಡ ಕೊಡಿ. ಬೀಜ, ಉಳುಮೆ, ಕಳೆ ತೆಗೆಯುವ ಕೂಲಿ ಅಂತ ರೈತ ಸಾಲಕ್ಕೆ ಕೈಯೊಡ್ಡುವುದು ಆಗಲೇ. ಮಳೆ ಹೋಗಿ ಹುಚ್ಚೆಳ್ಳು ಕಾಲು ಕೆಜಿಯೇ ಬಂತು ಅಂದರೆ ಅಷ್ಟನ್ನೇ ಹಂಚಿಕೊಳ್ಳಿ, ಬೆಳೆದವರ ಜೊತೆ ಜಗಳ ಬೇಡ.

ಹುಚ್ಚೆಳ್ಳು ಏನು ಮಾಡುವುದು ಅಂತ ಕೇಳುತ್ತೀರಿ, ಗೊತ್ತು. ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿಯಿರಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಒಂಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಬಿಸಿ ರೊಟ್ಟಿಗೆ ಬೆಣ್ಣೆ, ಅದರ ಮೇಲೆ ಈ ಪುಡಿ. ಬದನೆಕಾಯಿ ಪಲ್ಯಕ್ಕೂ ಕೊನೆಯಲ್ಲಿ ಎರಡು ಚಮಚ ಉದುರಿಸಿ. ತಮ್ಮಾ, ಮೂಟೆ ಜೊತೆ ಇದನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿ. ತಿನ್ನುವುದು ಗೊತ್ತಾದರೆ ಮುಂದಿನ ವರ್ಷ ಅವರೇ ಕೇಳುತ್ತಾರೆ.

ಪ್ರಶ್ನೆ: ರೈತರಿಂದ ನೇರವಾಗಿ ಪಾಲಿಶ್ ಮಾಡದ ರಾಜಮುಡಿ ಅಕ್ಕಿ ತಂದೆವು. ಬೇಸಿಗೆಯಲ್ಲಿ ಹುಳ ಬಿತ್ತು, ಒಂಥರಾ ವಾಸನೆ ಬೇರೆ. ಮೋಸ ಹೋದೆವಾ?
– ಓದುಗರು, ಮೈಸೂರು

ಇಲ್ಲ. ಪಾಲಿಶ್ ಮಾಡದ ಅಕ್ಕಿಯ ತೌಡಿನಲ್ಲಿ ಎಣ್ಣೆ ಅಂಶ ಇರುತ್ತದೆ. ಸೆಕೆಗೆ ಅದು ಕೆಟ್ಟು ವಾಸನೆ ಬರುತ್ತದೆ. ಅದಕ್ಕೇ ಇಂಥ ಅಕ್ಕಿಯನ್ನು ವರ್ಷಕ್ಕಾಗುವಷ್ಟು ತಂದಿಡಬೇಡಿ. ವಾಸನೆ ಬಂದದ್ದು ಊಟಕ್ಕೆ ಬೇಡ. ಬರೀ ಹುಳ ಇದ್ದರೆ ನೆರಳಲ್ಲಿ ಹರಡಿ, ಕೇರಿ, ಒಣಗಿದ ಬೇವಿನ ಎಲೆ ಹಾಕಿ ಮುಚ್ಚಿಡಿ. ಬಿಸಿಲಿಗೆ ಹಾಕಿದರೆ ಅಕ್ಕಿ ಸೀಳಿ ನುಚ್ಚಾಗುತ್ತದೆ. ಭತ್ತವಾಗಿದ್ದರೆ ಸಿಪ್ಪೆಯೇ ಕಾಯುತ್ತದೆ. ಹಾಗಾಗಿ ಮುಂದಿನ ಸಲ ಆ ರೈತರನ್ನೇ ಕೇಳಿ ನೋಡಿ: ಭತ್ತ ಅವರ ಮನೆಯಲ್ಲೇ ಇರಲಿ, ನಿಮಗೆ ಬೇಕಾದಷ್ಟನ್ನು ತಿಂಗಳು ತಿಂಗಳು ಮಿಲ್ ಮಾಡಿಸಿ ಕಳಿಸಲಿ. ಮಿಲ್ ಖರ್ಚು, ಸಾಗಣೆ ಖರ್ಚು ನೀವು ಕೊಡಿ.