ಮೊಬೈಲ್ ಪ್ರಶ್ನೋತ್ತರ: ಕಾರ್ಡ್ ಕರಪ್ಟ್ ಅಂತ ಬಂದ್ರೆ ಫಾರ್ಮ್ಯಾಟ್ ಒತ್ಬೇಡಿ

ಪ್ರಶ್ನೆ: ಸಾರ್, ನಮ್ದು ಸಾಗರದ ಹತ್ರ ಒಂದು ಹಳ್ಳಿ. ಫೋನಿಗೆ 64 ಜಿಬಿ ಮೆಮೊರಿ ಕಾರ್ಡ್ ಹಾಕಿ ನಾಲ್ಕು ವರ್ಷ ಆಯ್ತು. ಹೋದ ವಾರ ಗ್ಯಾಲರಿ ತೆಗೆದ್ರೆ ಅರ್ಧ ಫೋಟೋ ಬರೀ ಬೂದು ಬಣ್ಣ, ಫೋನ್ ಆಫ್ ಮಾಡಿ ಆನ್ ಮಾಡಿದ್ಮೇಲೆ ಎಸ್‌ಡಿ ಕಾರ್ಡ್ ಕರಪ್ಟ್ ಆಗಿದೆ ಅಂತ ಬರ್ತಿದೆ, ಅದನ್ನ ಒತ್ತಿದ್ರೆ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳುತ್ತೆ. ತೀರಿಹೋದ ಅಪ್ಪಯ್ಯ ತಾಳಮದ್ದಲೆಯಲ್ಲಿ ಅರ್ಥ ಹೇಳಿದ್ದರ ರೆಕಾರ್ಡಿಂಗ್ ಅದರಲ್ಲೇ ಇದೆ, ಮಗಳ ನಾಮಕರಣದ ಫೋಟೋನೂ ಇದೆ. ಪೇಟೆ ಅಂಗಡಿಯವ್ರು ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ ಅಂದ್ರು. ಮಾಡಿಸ್ಲಾ?

ಉತ್ತರ: ದಯವಿಟ್ಟು ಮಾಡಿಸ್ಬೇಡಿ. ಅಂಗಡಿಯವ್ರು ಹೇಳಿದ್ದು ಸುಳ್ಳಲ್ಲ, ಕಾರ್ಡ್ ಸರಿಹೋಗಬಹುದು, ಆದ್ರೆ ನಿಮಗೆ ಬೇಕಿರೋದು ಕಾರ್ಡ್ ಅಲ್ವಲ್ಲ, ಅಪ್ಪಯ್ಯನ ದನಿ.

ಕಾರ್ಡಲ್ಲಿ ಯಾವ ಫೈಲ್ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಬರೆದಿಡೋ ಒಂದು ಪಟ್ಟಿ ಇರುತ್ತೆ, ನಮ್ಮ ಜಮೀನಿಗೆ ಪಹಣಿ ಇದ್ದಹಾಗೆ. ಫೋಟೋ ಸೇವ್ ಆಗ್ತಿರುವಾಗ ಬ್ಯಾಟರಿ ಸತ್ತುಹೋಗೋದು, ಆನ್ ಇರುವಾಗಲೇ ಕಾರ್ಡ್ ಕೀಳೋದು, ಇಲ್ಲಾ ಕಾರ್ಡಿಗೆ ವಯಸ್ಸಾಗಿ ಸೆಲ್‌ಗಳು ಸವೆಯೋದು, ಇಂಥದ್ರಲ್ಲಿ ಯಾವುದಾದ್ರೂ ಆದ್ರೆ ಮೊದಲು ಕೆಡೋದು ಎಷ್ಟೋ ಸಲ ಆ ಪಟ್ಟಿನೇ. ಪಹಣಿ ಹರಿದುಹೋದ್ರೆ ಜಮೀನು ಎಲ್ಲಿಗೂ ಓಡಿಹೋಗಲ್ಲ ನೋಡಿ, ಹಾಗೇ ಫೋಟೋಗಳು ಹೆಚ್ಚಿನಂಶ ಇದ್ದ ಜಾಗದಲ್ಲೇ ಇರ್ತವೆ. ಫಾರ್ಮ್ಯಾಟ್ ಮಾಡಿದ್ರೆ ಖಾಲಿ ಪಹಣಿ ಬರೆದಂಗೆ, ಆಮೇಲೆ ಅದೇ ಕಾರ್ಡಿಗೆ ಹೊಸ ಫೋಟೋ ತುಂಬಿದ್ರೆ ಆ ಜಾಗದಲ್ಲಿ ಇನ್ನೊಬ್ರು ಮನೆ ಕಟ್ಟಿದಂಗೆ, ಮತ್ತೆ ಬಿಡಿಸ್ಕೊಳ್ಳೋಕೆ ಆಗಲ್ಲ. ಇನ್ನು ಫೋನಲ್ಲೇ ಫಾರ್ಮ್ಯಾಟ್ ಕೊಟ್ರೆ ಹಳೇದನ್ನ ಪೂರ್ತಿ ಅಳಿಸು ಅಂತ್ಲೇ ಕಾರ್ಡಿಗೆ ಹೇಳಿಬಿಡೋ ಸಾಧ್ಯತೆನೂ ಇದೆ, ಅದಕ್ಕೇ ನಾನು ಇಷ್ಟು ಒತ್ತಿ ಹೇಳ್ತಿರೋದು.

ಈಗ ಫೋನ್ ಪೂರ್ತಿ ಆಫ್ ಮಾಡಿ ಕಾರ್ಡ್ ತೆಗೀರಿ. ಹಿಂದೆ ಸಣ್ಣ ಸಣ್ಣ ಚಿನ್ನದ ಬಣ್ಣದ ಪಟ್ಟಿ ಕಾಣ್ತವಲ್ಲ, ಎಂಟು ಇರ್ತವೆ, ಮಲೆನಾಡಿನ ಮಳೆಗಾಲದ ತೇವಕ್ಕೆ ಅದರ ಮೇಲೆ ಮಬ್ಬು ಕೂತಿದ್ರೂ ಕಾರ್ಡ್ ಓದಕ್ಕಾಗ್ದೆ ಕರಪ್ಟ್ ಅಂತ ತೋರಿಸುತ್ತೆ, ಒಣಗಿದ ಮೆತ್ತನೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ, ಉಗುರು ಬ್ಲೇಡು ಹಾಕ್ಬೇಡಿ. ಆಮೇಲೆ ಅದನ್ನ ಮತ್ತೆ ಫೋನಿಗೆ ಹಾಕ್ದೆ, ದೊಡ್ಡ ಎಸ್‌ಡಿ ಅಡಾಪ್ಟರಿಗೆ ಹಾಕಿ, ಅದರ ಪಕ್ಕದಲ್ಲಿ ಲಾಕ್ ಅಂತ ಸಣ್ಣ ಗುಂಡಿ ಇರುತ್ತೆ, ಅದನ್ನ ಲಾಕ್ ಕಡೆಗೆ ಸರಿಸಿ ಕಂಪ್ಯೂಟರಿಗೆ ಹಾಕಿ. ವಿಂಡೋಸ್ ಕೂಡ ಫಾರ್ಮ್ಯಾಟ್ ಮಾಡ್ಲಾ, ಸ್ಕ್ಯಾನ್ ಮಾಡಿ ಫಿಕ್ಸ್ ಮಾಡ್ಲಾ ಅಂತ ಕೇಳಬಹುದು, ಎರಡಕ್ಕೂ ಬೇಡ ಅನ್ನಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಅಂತ ವಿಂಡೋಸಲ್ಲೇ ಇರೋ, ಡಿಸ್ಕು ಕಾರ್ಡುಗಳ ಸೈಜ್ ತೋರಿಸೋ ಪ್ರೋಗ್ರಾಂ ತೆಗೆದು ನೋಡಿದಾಗ 59 ಜಿಬಿ ಆಸುಪಾಸು ತೋರಿಸಿದ್ರೆ ಒಳ್ಳೇ ಲಕ್ಷಣ, 64ರ ಕಾರ್ಡನ್ನ ವಿಂಡೋಸ್ ಲೆಕ್ಕ ಹಾಕೋದೇ ಹಾಗೆ. ಸೊನ್ನೆ ತೋರಿಸಿದ್ರೆ, ಇಲ್ಲಾ ಮೀಡಿಯಾನೇ ಇಲ್ಲ ಅಂದ್ರೆ ಇನ್ನೊಂದು ಕಾರ್ಡ್ ರೀಡರಲ್ಲಿ ನೋಡಿ, ಅಲ್ಲೂ ಹಾಗೇ ಆದ್ರೆ ಒಳಗಿನ ಚಿಪ್ಪೇ ಕೆಟ್ಟಿರಬೇಕು, ಆಗ ಸಾಫ್ಟ್‌ವೇರ್ ಕೆಲಸಕ್ಕೆ ಬರಲ್ಲ, ಡೇಟಾ ರಿಕವರಿ ಲ್ಯಾಬಿಗೇ ಕೊಡ್ಬೇಕು, ದುಬಾರಿ ಕೆಲಸ.

ಸೈಜ್ ಸರಿಯಾಗಿ ತೋರಿಸ್ತಿದ್ರೆ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಹೆಸರಲ್ಲಿ ಫೋಟೋ ಇದ್ರೂ ಆಡಿಯೋ ವಿಡಿಯೋ ಎಲ್ಲಾ ಹುಡುಕುತ್ತೆ. ಅದು ಆ ಹಾಳಾದ ಪಟ್ಟಿನ ನಂಬಿ ಕೂರಲ್ಲ, ಕಾರ್ಡನ್ನ ಮೊದಲಿಂದ ಕೊನೆವರೆಗೂ ಓದಿ, ಇಲ್ಲಿ ಒಂದು ಜೆಪೆಗ್ ಫೋಟೋ ಶುರುವಾಗ್ತಿದೆ, ಇಲ್ಲಿ ಒಂದು ಆಡಿಯೋ ಶುರುವಾಗ್ತಿದೆ ಅಂತ ಗುರುತು ಹಿಡಿದು ಎತ್ತುತ್ತೆ. ಸಿಕ್ಕಿದ್ದನ್ನ ಕಂಪ್ಯೂಟರಿನ ಡಿಸ್ಕಿಗೆ ಸೇವ್ ಮಾಡಿ, ಅದೇ ಕಾರ್ಡಿಗೆ ಮಾತ್ರ ಬೇಡ. ಹಳೇ ಹೆಸರು ಇರಲ್ಲ, ಎಫ್ ಅಕ್ಷರದ ಮುಂದೆ ಉದ್ದ ನಂಬರ್ ಇರೋ ಸಾವಿರಾರು ಫೈಲ್ ಬರ್ತವೆ, ಒಂದೊಂದೇ ಹಾಕಿ ಕೇಳ್ಬೇಕು, ತಾಳ್ಮೆ ಬೇಕು. ಉದ್ದದ ರೆಕಾರ್ಡಿಂಗ್ ಕಾರ್ಡಲ್ಲಿ ತುಂಡು ತುಂಡಾಗಿ ಕೂತಿದ್ರೆ ಪೂರ್ತಿ ಸಿಗದೇ ಇರಬಹುದು, ಅದನ್ನ ಮೊದಲೇ ಹೇಳಿಬಿಡ್ತೀನಿ. ಹಾಗಾಗಿ ಆ ರೆಕಾರ್ಡಿಂಗನ್ನ ಯಾವತ್ತಾದ್ರೂ ಭಾಗವತರಿಗೋ ಅಣ್ಣತಮ್ಮಂದಿರಿಗೋ ವಾಟ್ಸಾಪಲ್ಲಿ ಕಳಿಸಿದ್ರಾ ನೆನಪು ಮಾಡ್ಕೊಳ್ಳಿ, ಅವರ ಫೋನಲ್ಲಿ ಇನ್ನೂ ಇರಬಹುದು, ಇವತ್ತೇ ಕೇಳಿ.

ಚೆಕ್‌ಡಿಸ್ಕ್ ಓಡಿಸಿ ಅಂತ ತುಂಬ ಜನ ಹೇಳ್ತಾರೆ. ಅದು ಕಾರ್ಡಿನ ಮೇಲೇ ಬರೆದು ರಿಪೇರಿ ಮಾಡೋ ವಿಂಡೋಸ್ ಕಮಾಂಡ್, ಅದಕ್ಕೆ ಎಲ್ಲಾ ಕಾಪಿ ಆದ್ಮೇಲೆ ಮಾತ್ರ. ನಾನೇ ಒಂದ್ಸಲ ಅವಸರ ಮಾಡಿ ಮೊದಲೇ ಓಡಿಸಿದ್ದೆ, ಅಮ್ಮನ ಫೋಟೋ ಇದ್ದ ಫೋಲ್ಡರ್ ಮಾಯವಾಗಿ ಫೌಂಡ್ ಅನ್ನೋ ಫೋಲ್ಡರಲ್ಲಿ ಸಿಎಚ್‌ಕೆ ಅಂತ ಕೊನೆಯಾಗೋ ನೂರಾರು ತುಂಡು ಬಿದ್ದಿದ್ವು, ಕೆಲವು ಮಾತ್ರ ತೆರೆದ್ವು. ಅದರ ನೋವು ಇನ್ನೂ ಇದೆ ನಂಗೆ.

ಇನ್ನೊಂದು ಮುಖ್ಯ ವಿಷಯ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಕೆಲವು ಫೋನಲ್ಲಿ ಕಾರ್ಡನ್ನ ಫೋನಿನ ಒಳಗಿನ ಸ್ಟೋರೇಜ್ ತರ ಸೇರಿಸ್ಕೊಳ್ಳೋ ಆಯ್ಕೆ ಇದೆ. ನೀವು ಹಾಗೆ ಮಾಡಿದ್ರೆ ಒಳಗಿರೋದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದ್ರೆ ಬೀಗ ಹಾಕಿದಂಗೆ ಗುಟ್ಟಿನ ರೂಪದಲ್ಲಿರುತ್ತೆ, ಬೀಗದ ಕೈ ಆ ಫೋನಲ್ಲೇ ಇರುತ್ತೆ, ಕಂಪ್ಯೂಟರಲ್ಲಿ ಹುಡುಕಿದ್ರೆ ಏನೂ ಸಿಗಲ್ಲ. ಹಾಗಾಗಿ ಇದೆಲ್ಲ ಮುಗಿಯೋವರೆಗೂ ಫೋನನ್ನ ಫ್ಯಾಕ್ಟರಿ ರೀಸೆಟ್ ಮಾಡೋದೂ ಬೇಡ.

ಪ್ರಶ್ನೆ: ಹಾಸನದಲ್ಲಿ ಓದ್ತಿದೀನಿ. ತುಂಬ ಕಮ್ಮಿ ರೇಟಿಗೆ ಆನ್‌ಲೈನಲ್ಲಿ ತಗೊಂಡ 128 ಜಿಬಿ ಕಾರ್ಡಲ್ಲಿ ಮೊದಲು ಹಾಕಿದ ವಿಡಿಯೋ ಓಡ್ತವೆ, ಆಮೇಲೆ ಹಾಕಿದ್ದು ಯಾವುದೂ ಓಡ್ತಿಲ್ಲ, ವೈರಸ್ಸಾ?

ಉತ್ತರ: ನಕಲಿ ಕಾರ್ಡ್ ಅನ್ಸುತ್ತೆ. ಒಳಗಿರೋದು ಸಣ್ಣ ಚಿಪ್, ಫೋನಿಗೆ 128 ಅಂತ ಸುಳ್ಳು ಹೇಳೋಹಾಗೆ ಮಾಡಿರ್ತಾರೆ, ನಿಜವಾದ ಜಾಗ ತುಂಬಿದ್ಮೇಲೆ ಬರೆದಿದ್ದೆಲ್ಲ ಹಾಳು. ಓಡೋ ಫೈಲ್‌ಗಳನ್ನ ಬೇರೆ ಕಡೆ ಕಾಪಿ ಮಾಡಿ ಕಾರ್ಡ್ ಖಾಲಿ ಮಾಡ್ಕೊಂಡು ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಪ್ರೋಗ್ರಾಂ ಓಡಿಸಿ, ಅದು ಕಾರ್ಡ್ ತುಂಬ ಬರೆದು ವಾಪಸ್ ಓದಿ ನಿಜ ಎಷ್ಟಿದೆ ಅಂತ ಹೇಳುತ್ತೆ. ಆ ರಿಸಲ್ಟಿನ ಫೋಟೋ ತೆಗೆದು ಮಾರಿದವರ ಹತ್ರ ದುಡ್ಡು ವಾಪಸ್ ಕೇಳಿ, ಬಿಡ್ಬೇಡಿ.

ಪ್ರಶ್ನೆ: ಕಾರ್ಡಲ್ಲಿ ಏನು ಡಿಲೀಟ್ ಮಾಡಿದ್ರೂ ಫೋನ್ ರೀಸ್ಟಾರ್ಟ್ ಆದ್ಮೇಲೆ ವಾಪಸ್ ಬಂದಿರುತ್ತೆ, ಫಾರ್ಮ್ಯಾಟ್ ಕೂಡ ಆಗಲ್ಲ. ಏನ್ಮಾಡ್ಲಿ?

ಉತ್ತರ: ಕಾರ್ಡ್ ಸವೆದು ಕೊನೆಗೆ ಬಂದಾಗ ಎಷ್ಟೋ ಸಲ ಬರೆಯೋದನ್ನ ನಿಲ್ಲಿಸಿ ಓದಕ್ಕೆ ಮಾತ್ರ ಬಿಡುತ್ತೆ. ಇನ್ನು ರಿಪೇರಿ ಇಲ್ಲ, ಓದ್ತಿರೋವಾಗಲೇ ಇವತ್ತು ರಾತ್ರಿನೇ ಎಲ್ಲಾ ಕಾಪಿ ಮಾಡ್ಕೊಂಡು ಹೊಸದು ತಗೊಳ್ಳಿ. ಹಳೇದನ್ನ ಹಾಗೇ ಕಸಕ್ಕೆ ಹಾಕ್ಬೇಡಿ, ಯಾರ ಕೈಗೆ ಸಿಕ್ರೂ ಮನೆಯವರ ಫೋಟೋ ಎಲ್ಲಾ ಓದಬಹುದು, ಗಟ್ಟಿ ಕತ್ತರಿಯಲ್ಲಿ ನಡುಮಧ್ಯಕ್ಕೆ ಎರಡು ಮೂರು ತುಂಡು ಮಾಡಿ ಇ-ವೇಸ್ಟಿಗೆ ಕೊಡಿ.